ಪಕ್ಕದ ಕುರ್ಚಿಯ ಐಸು

ಮೂವತ್ತೆಂಟು ವರ್ಷ ಅರೆಕಿಪಾದ ನೋಟರಿ ಕಚೇರಿಯಲ್ಲಿ
ಬೇರೆಯವರ ಹೆಬ್ಬೆಟ್ಟು ಹಿಡಿದವನು ನಾನು.
ಮಸಿಗೆ ಒತ್ತಿ, ಎಡದಿಂದ ಬಲಕ್ಕೆ ಹೊರಳಿಸಿ
ಕಾಗದಕ್ಕೆ ಇಳಿಸುವುದು.
ಹೊಲ ಮಾರಿದವರದು, ಮಗಳಿಗೆ ಮನೆ ಬರೆದವರದು,
ಒಮ್ಮೆ, ಸತ್ತ ಗಂಡ ಸತ್ತಿಲ್ಲವೆಂದು ಒತ್ತಲು ಬಂದವಳದು.
ಗೆರೆ ಸುಳ್ಳು ಹೇಳದು ಎನ್ನುತ್ತಿದ್ದೆ.
ಈಗ ನನ್ನ ಗೆರೆಗಳೇ ರಜೆಯ ಮೇಲೆ.

ಬೆಳಿಗ್ಗೆ ಮೂರು ಮಾತ್ರೆ, ರಾತ್ರಿ ಮೂರು.
ಅಂಗೈ ಮೊದಲು ದಾಳಿಂಬೆ ಸಿಪ್ಪೆಯಾಯಿತು,
ಆಮೇಲೆ ಈರುಳ್ಳಿಯದು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?
ನನಗೆ ಬೇಕಾದದ್ದು ಕನ್ನಡಕ,
ಮುಲಾಮಿನ ಟ್ಯೂಬಿನ ಸಣ್ಣಕ್ಷರ ಓದಲು:
ದಿನಕ್ಕೆ ಮೂರು ಸಲ ಹಚ್ಚಿ. ತಿಕ್ಕಬೇಡಿ.
ರಾತ್ರಿ ದಪ್ಪಗೆ ಬಳಿದು ಹತ್ತಿಯ ಕಾಲುಚೀಲ
ಕೈಗೂ ಹಾಕಿಕೊಂಡು ಮಲಗುತ್ತೇನೆ.
ಹೆಂಡತಿ ಇದ್ದಿದ್ದರೆ ನಗುತ್ತಿದ್ದಳು:
"ಫೌಸ್ತೊ, ನಾಲ್ಕೂ ಕಾಲೇ ಆಯಿತಲ್ಲ!"

ಪಕ್ಕದ ಕುರ್ಚಿ ಸೆಬೆರಿನಾ ಚೋಕೆಯದು.
ಸಾನ್ ಕಮೀಲೊ ಮಾರುಕಟ್ಟೆಯ ಬಾಗಿಲಲ್ಲಿ
ಕೇಸೊ ಎಲಾದೊ ಮಾರುವವಳು.
ಚೀಸು ಹೆಸರಲ್ಲಷ್ಟೇ, ಒಳಗೆ ಹಾಲು, ತೆಂಗು, ಚಕ್ಕೆ, ಲವಂಗ.
ಐಸು ಉಪ್ಪು ತುಂಬಿದ ಮರದ ತೊಟ್ಟಿಯಲ್ಲಿ
ತಗಡಿನ ಕೊಳಗ ತಿರುಗಿಸಿ ತಿರುಗಿಸಿ
ಹಾಲು ಹಾಳೆ ಹಾಳೆಯಾಗಿ ಅಂಚಿಗೆ ಕಟ್ಟಬೇಕು.
ಮೂರು ತಲೆಮಾರಿನ ತೋಳು.
ಉದುರುವ ಮುಂಚೆ ಎರಡೂ ಜಡೆ ತಾನೇ ಕತ್ತರಿಸಿ
ಬಿಸ್ಕತ್ತಿನ ಡಬ್ಬದಲ್ಲಿಟ್ಟಿದ್ದಾಳೆ.
ತಲೆ ಬೋಳಾದದ್ದಕ್ಕೆ ಅಳಲಿಲ್ಲ.
ಮೂಗಿನ ಕೂದಲು ಹೋದದ್ದಕ್ಕೆ ಬೈದಳು:
"ಗಿರಾಕಿಯ ಎದುರೇ ನಲ್ಲಿಯ ಹಾಗೆ ಸೋರುತ್ತೆ, ಸ್ವಾಮಿ,
ಇದನ್ನು ಯಾರೂ ಮೊದಲೇ ಹೇಳುವುದಿಲ್ಲ."

ಉಗುರು ಕಪ್ಪಾಗಿ ಎದ್ದು ಬರದಿರಲು
ಔಷಧಿ ಇಳಿಯುವಷ್ಟು ಹೊತ್ತು ಬೆರಳು ತಣ್ಣಗಿರಬೇಕು,
ಅದಕ್ಕೊಂದು ಗವಸು ಇದೆ, ಆದರೆ ಲೀಮಾದಲ್ಲಿ, ಎಂದಳು ನರ್ಸು.
"ಐಸಿಗೆ ಲೀಮಾಕ್ಕೆ ಹೋಗಬೇಕೆ?"
ಮುಂದಿನ ಸರದಿಗೆ ಮೊಮ್ಮಗನ ಹೆಗಲೇರಿ ತೊಟ್ಟಿ ಬಂತು.
ಐಸಿಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿಗೆ ಬಟ್ಟೆ, ಬಟ್ಟೆಗೆ ಹತ್ತು ಬೆರಳು.
ಆಗಾಗ ತೆಗೆದು, ಊದಿಕೊಂಡು, ಮತ್ತೆ ಒಳಗೆ.
ಕಿಟಕಿ ಪಕ್ಕದ ಬಸ್ ಕಂಡಕ್ಟರ್ ಹುಡುಗಿಗೂ ಒಂದು ಪೊಟ್ಟಣ,
ಗಣಿತದ ಮೇಷ್ಟರಿಗೂ ಒಂದು.

ಹಂಚುತ್ತ ಹಂಚುತ್ತ ನನ್ನ ಮುಂದೆ ನಿಂತಳು.
ನನಗೆ ಮಾತ್ರ ಅದು ಸಲ್ಲದು.
ನನ್ನ ನರಕ್ಕೆ ಇಳಿಯುವುದೇ ಬೇರೆ:
ತಣ್ಣೀರ ನಲ್ಲಿ ಮುಟ್ಟಿದರೆ ಕರೆಂಟು ಹೊಡೆದ ಹಾಗೆ,
ಫ್ರಿಜ್ಜಿನ ಬಾಗಿಲಿಗೂ ಉಣ್ಣೆಯ ಗವಸು.
ಇಬ್ಬರ ಚೀಲವೂ ಒಂದೇ ಕಂಬಕ್ಕೆ ತೂಗುತ್ತದೆ,
ಅವಳ ಉಗುರು ಕಾಯುವುದು ನನ್ನ ಬೆರಳು ಸುಡುತ್ತದೆ.
ಅವಳ ಅಜ್ಜಿಯ ಕೊಳಗದ್ದನ್ನು ತಿಂದು ಬೆಳೆದ ನಾಲಿಗೆ ಇದು.
"ಬೇಡಮ್ಮ," ಎಂದೆ.

ಮೂರು ವಾರದ ಮೇಲೆ ಫ್ಲಾಸ್ಕು ಬಂತು.
ಅದೇ ಹಾಲು, ಅದೇ ಚಕ್ಕೆ,
ತೊಟ್ಟಿಗೆ ಇಳಿಯುವ ಮುಂಚಿನದು,
ಉಗುರುಬೆಚ್ಚಗೆ.

ಕಳೆದ ಮಂಗಳವಾರ ಬ್ಯಾಂಕಿನಲ್ಲಿ ಪಿಂಚಣಿಗೆಂದು
ಗಾಜಿನ ಮೇಲೆ ಹೆಬ್ಬೆಟ್ಟಿಟ್ಟೆ. ಕೆಂಪು ದೀಪ.
ಒರೆಸಿ ಮತ್ತೆ. ಕೆಂಪು.
"ನೀವು ನೀವೇ ಎಂದು ಬರುತ್ತಿಲ್ಲ," ಎಂದ ಹುಡುಗ, ಮರ್ಯಾದೆಯಿಂದ.
ಡಾಕ್ಟರ ಚೀಟಿ ತೋರಿಸಿದೆ.
ನೋಟರಿ ಮಾಡಿಸಿ ತನ್ನಿ, ಎಂದ.

ನನ್ನ ಹಳೆಯ ಮೇಜಿನ ಹಿಂದೆ ನಾನೇ ಕಲಿಸಿದ ಹುಡುಗಿ.
ಅಭ್ಯಾಸಬಲ, ಮಸಿ ಮುಂದಿಟ್ಟಳು.
ಕಾಗದದ ಮೇಲೆ ಬಿದ್ದದ್ದು ನುಣ್ಣನೆಯ ಕಪ್ಪು ಮೊಟ್ಟೆ.
ಬಹಳ ಹೊತ್ತು ನೋಡಿದಳು.
"ಸಾಕ್ಷಿ ಬೇಕು. ನಿಮ್ಮನ್ನು ಬಲ್ಲವರು."

ಮಾರುಕಟ್ಟೆಯಿಂದ ಏಪ್ರನ್ನಿನಲ್ಲೇ ಬಂದಳು,
ಅಗಲ ಅಂಚಿನ ಹ್ಯಾಟು, ಮೂಗಿಗೆ ಕರವಸ್ತ್ರ.
ಸಹಿ ಬಾರದು. ಹೆಬ್ಬೆಟ್ಟು ನಾನೇ ಹಿಡಿದೆ,
ಸಿಪ್ಪೆ ಸುಲಿದ ಕೈಯಲ್ಲಿ.
ಉಗುರಿನ ಬುಡದಲ್ಲಿ ಒಂದೇ ಕಪ್ಪು ಪಟ್ಟಿ,
ಉಳಿದದ್ದು ಗಟ್ಟಿ.
ಎಡದಿಂದ ಬಲಕ್ಕೆ ಹೊರಳಿಸಿದೆ.
"ಮೆಲ್ಲಗೆ," ಎಂದಳು ಸೆಬೆರಿನಾ,
"ನೋಯುತ್ತದೆ."
"ನನಗೂ," ಎಂದೆ.