ಹೂಂ ಅನ್ನಾಕ ಯಾರದಾರ

ನಂದು ಮೈಕ್ ಸೆಟ್ಟಿನ ಅಂಗಡಿ. ರಾಜೇಸಾಬ ಅಂತ.
ಮದುವಿ, ಮೊಹರಂ, ಚುನಾವಣಿ, ಸಂತ್ಯಾಗ ಕಳದ ಹುಡುಗನ ಹೆಸರು
ಎಲ್ಲಾ ನನ್ನ ಹಾರ್ನಿನ್ಯಾಗ ಹಾದು ಹೋಗ್ಯಾವು.
ಸಾಹಿತ್ಯ ಮಾತ್ರ ಇದು ಮೊದಲನೇ ಸಲ.

ಗುಳೇದಗುಡ್ಡದಾಗ ಎರಡು ದಿನದ ನುಡಿಹಬ್ಬ.
ಲಗ್ನದ ಕಾರ್ಯಾಲಯ, ಆಷಾಢಕ್ಕ ಬಾಡಿಗಿ ಅರ್ಧ.
ಮದುಮಕ್ಕಳ ಕುರ್ಚಿ ಮ್ಯಾಲ ಅಧ್ಯಕ್ಷರು.
ಹಿಂದ ಥರ್ಮೋಕೋಲಿನ ಅಕ್ಷರ; 'ನು'ವಿನ ಕೊಂಬು ಗಾಳಿಗೆ ಹಾರಿ
ಮಧ್ಯಾಹ್ನದ ತನಕ 'ನಡಿಹಬ್ಬ' ಅಂತಲೇ ಇತ್ತು.

ಗೋಡಿಗೆ ಹತ್ತಿ ಬಾಜೂಕ ಒಂದು ಕುಣಿಮಗ್ಗ.
ಖಟಕ್ ಪಟಕ್. ಖಟಕ್ ಪಟಕ್.
ಮೊದಲ ಕವಿಯ ಮೊದಲ ಸಾಲಿಗೇ ಬಂತು ಮೈಕಿನೊಳಗ.
ಕಾರ್ಯದರ್ಶಿ ಓಡಿ ಬಂದ್ರು: "ಅದನ್ನ ತಗೀ ರಾಜೇಸಾಬ."
"ನಿಮ್ಮ ಕವಿ ದನಿ, ಅದರ ದನಿ ಒಂದ ಮನಿಯಾಗ ಅದಾವ್ರಿ.
ಅದನ್ನ ಹೊರಗ ಹಾಕಿದ್ರ ಇವರೂ ಹೊರಗ."
ಮಗ್ಗದ ಮನಿಗೆ ಇಬ್ಬರನ್ನ ಕಳಿಸಿದ್ರು, ಎರಡು ದಿನ ಬಂದ್ ಇಡ್ರಿ ಅಂತ.
ಹೋದವರು ಮಾರಿ ಸಣ್ಣದು ಮಾಡಿಕೊಂಡು ಬಂದ್ರು:
"ಎರಡು ದಿನದ ಕೂಲಿ ಯಾರು ಕೊಡತೀರಿ ಅಂತಾಳ್ರಿ."
ಬಜೆಟ್ಟಿನ್ಯಾಗ ಹಾರ ಇದ್ದುವು, ಶಾಲು ಇದ್ದುವು, ಕೂಲಿ ಇರಲಿಲ್ಲ.

ಮೈಕ್ ಹಿಡಿಯೂದು ಒಬ್ಬೊಬ್ಬರದು ಒಂದೊಂದು ತರಾ.
ಒಬ್ಬಾಂವ ನುಂಗಾವರಂಗ,
ಒಬ್ಬಾಂವ ಹಾವಿನ ಹೆಡಿ ಹಿಡದಂಗ.
ಬಾದಾಮಿ ಕಾಲೇಜಿನ ಹುಡುಗಿ ಒಬ್ಬಾಕಿ
ಮೂರೇ ಸಾಲು ಓದಿ, ನಾಲ್ಕನೇದು ಓದಾಕ ಆಗದ ಇಳದು ಹೋದ್ಲು.
ಅದು ನನಗ ಇನ್ನೂ ನೆನಪೈತಿ.
ನಿವೃತ್ತ ಮಾಸ್ತರು ಹದಿನಾಲ್ಕು ಪುಟ ಓದಿದ್ರು. ಇಲ್ಲ.

ಎರಡನೇ ದಿನ, ಗೋಧಿ ಹುಗ್ಗಿ ಉಂಡು
ಎಲ್ಲಾರ ಕಣ್ಣು ಜಗ್ಗೂ ಹೊತ್ತಿನ್ಯಾಗ
ಕೆಲವಡಿ ಹುಲಿಗೆವ್ವ ಬಂದ್ಲು. ಜನಪದ ಕಥನ, ಹತ್ತು ನಿಮಿಷ.
ಮೈಕ್ ನೋಡಿ ಕೇಳಿದ್ಲು, "ಇದು ಹೂಂ ಅಂತೈತೇನು?"
ಮಂದಿ ನಕ್ಕರು. ಆಕಿ ನಗಲಿಲ್ಲ.

"ಒಬ್ಬಾಕಿ ಇದ್ಲಂತ. ನೀರಿಗೆ ಹೋದಾಕಿ
ತನ್ನ ನೆರಳು ಬಾವ್ಯಾಗ ಮರತು ಬಂದ್ಲಂತ."
ಅಂದು ನಿಂತ್ಲು.
ಮುನ್ನೂರು ಮಂದಿ, ಒಬ್ಬರೂ ಹೂಂ ಅನ್ನಲಿಲ್ಲ.
ಮುಂದಿನ ಸಾಲಿನವರು ಚಪ್ಪಾಳಿ ತಟ್ಟಿದ್ರು, ಮುಗೀತೇನೋ ಅಂತ.
ಆಗ ಗೋಡಿ ಆಚಿಂದ, ಖಟಕ್.
ಹುಲಿಗೆವ್ವ ತಲಿ ಹಾಕಿದ್ಲು.
"ನೆರಳಿಲ್ಲದಾಕಿನ್ನ ಗಂಡ ಹೊಸ್ತಿಲಾ ದಾಟಗೊಡಲಿಲ್ಲಂತ."
ಪಟಕ್.
"ಕಟ್ಟಿದ ಎಮ್ಮಿ ಸೈತ ಗುರುತು ಹಿಡೀಲಿಲ್ಲಂತ."
ಖಟಕ್.

ಎರಡು ದಿನ ಕೆಳಗ ಒತ್ತಿ ಹಿಡದಿದ್ದ ಗುಂಡಿ
ಮೆಲ್ಲಕ ಮ್ಯಾಲ ಸರಿಸಿದೆ.
ಕಾರ್ಯದರ್ಶಿ ಕಣ್ಣು ಕೆಂಪ ಮಾಡಿದ್ರು;
ನಾ ವೈರು ನೋಡೂವರಂಗ ಬಗ್ಗಿದೆ.

"ರಾತ್ರಿ ಹಗ್ಗ ಕಟಿಗೊಂಡು ಆಕಿ ಬಾವಿಗೆ ಇಳದ್ಲಂತ.
ತಳದಾಗ ನೆರಳು ಕುಂತಿತ್ತಂತ, ತಲಿ ಬಾಚಿಕೊಂತ.
ಬಾ ಅಂದ್ಲು ಈಕಿ.
ನೀನ ಬಾ ಅಂತು ಅದು."

ಮಗ್ಗ ನಿಂತಿತು.

ಹುಲಿಗೆವ್ವ ಗೋಡಿ ಕಡೆ ಕಿವಿ ಮಾಡಿ ಕಾದ್ಲು.
ನನ್ನ ಮುಂದೂ ಒಂದು ಮೈಕ್ ಇತ್ತು, ಹಲೋ ಚೆಕ್ ಅನ್ನಾಕ.
ನಲವತ್ತು ವರ್ಷ ಮಂದಿ ದನಿ ಏರಿಸಿದಾಂವ
ಬಾಯಿ ತಗದೆ, ಮುಚ್ಚಿದೆ.
ಗಂಟಿ ಬಾರಿಸಿದ್ರು. ಹತ್ತು ನಿಮಿಷ ಆಗಿತ್ತು.
ಶಾಲು ಹೊದಿಸಿಕೊಂಡು, ಆರೂವರಿ ಬಸ್ಸು ಐತಿ ಅಂತ ಆಕಿ ಕೆಳಗಿಳದ್ಲು.

ಸಂಜೀಕ ವೈರು ಸುತ್ತಿ, ನೀರು ಕೇಳೂ ನೆವದಾಗ ಬಾಜೂ ಮನಿಗೆ ಹೋದೆ.
ಕುಣ್ಯಾಗ ಕಾಲು ಬಿಟ್ಟು ಬನಶಂಕ್ರವ್ವ ಕುಂತಿದ್ಲು,
ಕೆಂಪು ಖಣದ ಅರ್ಧ ಮೊಳ ಎದಿಗೆ ಹತ್ತಿ,
ಹಲ್ಲಿನ್ಯಾಗ ಎಳಿ ಕಚ್ಚಿ ಗಂಟು ಹಾಕಾಕತ್ತಿದ್ಲು.
"ಎಳಿ ಹರೀತು ನೋಡಪಾ, ಅದ ಹೊತ್ತಿಗೆ."
ಆಮ್ಯಾಲ ತಲಿ ಎತ್ತದನ:
"ನೆರಳು ಮ್ಯಾಲ ಬಂತ, ಇಲ್ಲಾ ಈಕಿನ ಅಲ್ಲೇ ಉಳದ್ಲ?"

ಗಡಿಯಾರ ನೋಡಿದೆ. ಆರು ಇಪ್ಪತ್ತು.
ತಂಬಿಗಿ ಅಲ್ಲೇ ಇಟ್ಟು
ಬಸ್ ಸ್ಟ್ಯಾಂಡಿನ ಕಡೆ ಓಡಿದೆ.