ನೂರ ಹನ್ನೆರಡನೇ ಪುಟ

ಲಗ್ಗೆರೆಯ ಮನೆ ಮಾಲೀಕರು ಮೊದಲೇ ಹೇಳಿಬಿಟ್ಟರು:
ಪುಸ್ತಕದ ಮೂಟೆ ಮೇಲಕ್ಕೆ ಬೇಡಮ್ಮ, ತಾರಸಿ ಹಳೇದು.

ಹಾಗಾಗಿ ಹನ್ನೊಂದು ರಾತ್ರಿ
ಯಶವಂತಪುರದ ಜೆರಾಕ್ಸ್ ಅಂಗಡಿಯಲ್ಲಿ ಷಟರು ಅರ್ಧ ಎಳೆದು
ಒಂದೊಂದೇ ಪುಟವನ್ನು ಗಾಜಿನ ಮೇಲೆ ಬೋರಲು ಮಲಗಿಸಿದೆ.
ಹಸಿರು ಬೆಳಕು ಅವುಗಳ ಹೊಟ್ಟೆಯಡಿ ಹಾದುಹೋಯಿತು.
ಕಾಗದವೆಲ್ಲ ತಕ್ಕಡಿಗೆ. ಅರವತ್ತೆಂಟು ಕಿಲೋ.

ಎಲ್ಲಿಟ್ಟೆ ಅಷ್ಟನ್ನೂ, ಎಂದರು ಅತ್ತೆ.
ಮೋಡದಲ್ಲಿ, ಎಂದೆ.
ಪೀಣ್ಯದ ಕಡೆಗೊಮ್ಮೆ ಕತ್ತೆತ್ತಿ ನೋಡಿ
ಒಣಹಾಕಿದ ಬಟ್ಟೆ ಎತ್ತಿಕೊಂಡು ಬಂದರು.

ಮೊದಲ ಲಿಂಕು ಕೊಟ್ಟದ್ದು ಎಟಿಎಂ ಕಾಯುವ ಗುರುಬಸವಯ್ಯನಿಗೆ,
ಕರೆಂಟು ಬಿಲ್ಲಿನ ಹಿಂದೆ ಬರೆದು.
ಅದು ಸೊನ್ನೆಯೋ ಓ ಅಕ್ಷರವೋ ಎಂದು ಎರಡು ದಿನ ಪರದಾಡಿದ.
ಅವನಿಂದ ಯಾರಿಗೆ, ಅವರಿಂದ ಇನ್ಯಾರಿಗೆ.
ಈಗ ರಾತ್ರಿ ಎರಡಕ್ಕೆ ತೆರೆದರೆ ಪರದೆಯ ಮೂಲೆಯಲ್ಲಿ
ಹೆಸರಿಲ್ಲದ ಕರಡಿ, ಹೆಸರಿಲ್ಲದ ಆಮೆ,
ಹೆಸರಿಲ್ಲದ ನೀರುನಾಯಿ.
ಬನ್ನೇರುಘಟ್ಟದ ಬೇಲಿಯನ್ನು ಯಾರೋ ಕಿತ್ತಂತೆ
ಸದ್ದಿಲ್ಲದೆ ಬಂದು ಮೇಯುತ್ತಿರುತ್ತವೆ.

ಮೊದಲೆಲ್ಲ ಪುಸ್ತಕ ಕೊಟ್ಟರೆ ಹೊಟ್ಟೆ ಉರಿಯುತ್ತಿತ್ತು,
ಬೆನ್ನು ಹರಿದು, ಸಾರಿನ ಕಲೆ ಹೊತ್ತು,
ನಡುವೆ ಯಾರದೋ ಬಸ್ ಟಿಕೆಟು ಇಟ್ಟುಕೊಂಡು ಬರುತ್ತಿದ್ದವು.
ಈಗ ಎಷ್ಟು ಕೊಟ್ಟರೂ ಒಂದೂ ಕಡಿಮೆಯಾಗುವುದಿಲ್ಲ.
ನಿಜ ಹೇಳಬೇಕೆಂದರೆ
ಕೊಟ್ಟೆ ಎಂದೇ ಅನ್ನಿಸುವುದಿಲ್ಲ.

ಹೋದ ಶುಕ್ರವಾರ ಒಂದು ಮೆಸೇಜು,
ಲಿಂಗರಾಜಪುರದ ಫಿಲೋಮಿನಾ, ಡಯಾಲಿಸಿಸ್ ವಾರ್ಡಿನ ನರ್ಸು:
ರಾತ್ರಿ ಡ್ಯೂಟಿಯಲ್ಲಿ ಗಟ್ಟಿಯಾಗಿ ಓದುತ್ತೇನೆ ಮೇಡಂ, ಅವರಿಗೆ ಹೊತ್ತು ಹೋಗಬೇಕಲ್ಲ.
ನೂರ ಹನ್ನೆರಡನೇ ಪುಟದಲ್ಲಿ
'ತಂಗಿ ಬಾಗಿಲು ತೆರೆದಳು. ಹೊರಗೆ'
ಅಲ್ಲಿಂದ ಮೂರು ಸಾಲು ನಿಮ್ಮ ಹೆಬ್ಬೆರಳು.
ಹೊರಗೆ ಯಾರಿದ್ದರು?

ದೊಡ್ಡದು ಮಾಡಿ ನೋಡಿದೆ. ನನ್ನದೇ.
ಉಗುರ ಸಂದಿಯಲ್ಲಿ ಟೋನರಿನ ಕಪ್ಪು,
ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿದಷ್ಟು
ಸ್ಪಷ್ಟವಾಗಿ ಗೆರೆಗಳು.

ಭಾನುವಾರ ಅವೆನ್ಯೂ ರಸ್ತೆಯಲ್ಲಿ ಗುಡ್ಡೆ ಗುಡ್ಡೆ ಕೆದಕಿದೆ.
ಆ ಪುಸ್ತಕ ಕೇಳಿದರೆ, ಯಾವ ಕ್ಲಾಸಿಗೆ, ಎಂದು ಕೇಳಿದರು.
ಎರಡು ಸಲ ಓದಿದ್ದೆನಲ್ಲ, ನೆನಪಿಗೆ ಬರಲಿಲ್ಲ.
ಬಾಗಿಲ ಸದ್ದಷ್ಟೇ ಬಂತು.

ಮೂರನೇ ಹಾಸಿಗೆಯವರು ಹಾಲಿನವನು ಎನ್ನುತ್ತಾರಂತೆ,
ಐದನೆಯವರು ಆಣೆ ಮಾಡುತ್ತಾರಂತೆ, ಅಣ್ಣನೇ, ಓಡಿಹೋದವನು.
ಮಂಗಳವಾರ ಮತ್ತೆ ಎಲ್ಲರೂ ಬರುತ್ತಾರೆ, ಬೇಗ ತಿಳಿಸಿ, ಎಂದಿದ್ದಾಳೆ.

ಇನ್ನೂ ತಿಳಿಸಿಲ್ಲ.
ಅಂಗಡಿಯಲ್ಲಿ ಯಾರದೋ ರೇಷನ್ ಕಾರ್ಡು ಗಾಜಿನ ಮೇಲಿಟ್ಟು
ಬೆರಳು ಹಿಂದಕ್ಕೆಳೆದುಕೊಳ್ಳುತ್ತೇನೆ,
ಬಿಸಿ ತಾಗಿದವಳಂತೆ.