ನಾಲ್ಕನೆಯ ಅಂಕಿ

ಬೊರ್ಮ್ಲಾದ ನಮ್ಮ ಓಣಿಯಲ್ಲಿ
ಮಗು ಹುಟ್ಟಿದರೆ ಮೊದಲು ಬಣ್ಣ, ಆಮೇಲೆ ಹೆಸರು.
ನಮ್ಮದು ಕೆಂಪು. ಅಪ್ಪ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದವ,
ಗಂಡ ಸಲ್ವು ಕ್ರೇನು ನಡೆಸಿದವ,
ನಾನು ಐವತ್ತೆರಡು ವರ್ಷ ಅದೇ ಕಡೆ
ಒಂದು, ಎರಡು, ಮೂರು ಬರೆದು
ಚೀಟಿ ಮಡಚಿದವಳು.

ಮಾಲ್ಟಾದಲ್ಲಿ ಮತ ಅಂದರೆ ಮುದ್ರೆಯಲ್ಲ, ಅಂಕಿ.
ಯಾರು ಮೊದಲು, ಯಾರು ಆಮೇಲೆ,
ನೆಂಟರನ್ನು ಊಟಕ್ಕೆ ಕೂರಿಸಿದ ಹಾಗೆ.
ನೀಲಿಯವರ ಪಂಕ್ತಿಗೆ ಮಾತ್ರ
ನಮ್ಮಲ್ಲಿ ಯಾರೂ ಬಡಿಸುವುದಿಲ್ಲ.

ಕಳೆದ ಮಂಗಳವಾರ ಬಂದಳು, ಆ ನೀಲಿಯವಳು,
ರೊಮಿನಾ ಫಾರೂಜಾ, ಮೂಳೆ ಡಾಕ್ಟರು.
ಮೂರು ಮಹಡಿ ಹತ್ತಿ ಬೆವರಿದ್ದಳು. ಲಿಫ್ಟಿಲ್ಲ.
ಕಾಲು ಕುಂಟುವ ಕುರ್ಚಿಯೇ ಸಿಕ್ಕಿತು ಅವಳಿಗೆ.
ಕೊನೆಗೆ ನಾನೇ ನಮ್ಮ ಪಕ್ಷದ ಕರಪತ್ರ
ನಾಲ್ಕು ಮಡಿಕೆ ಮಾಡಿ ಕಾಲಡಿ ಇಟ್ಟೆ. ನಕ್ಕಳು.
ಕಡಲಂಚಿನ ಹೋಟೆಲಿಗೆ ತನ್ನವರೆಲ್ಲ ಕೈಯೆತ್ತಿದಾಗ
ಕೈ ಮಡಿಲಲ್ಲೇ ಇಟ್ಟುಕೊಂಡವಳು ಇವಳೇ.
“ನಿಮ್ಮ ಒಂದು ನನಗೆ ಬೇಡ,” ಅಂದಳು,
“ಅದು ಮನೆಯದು. ನಾಲ್ಕು ಉಳಿದಿದ್ದರೆ ನೋಡಿ.”

ಉಳಿದದ್ದನ್ನು ಕೇಳಿಕೊಂಡು ಬಂದವರನ್ನು
ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ ನನಗೆ.

ಮಗಳು ದೊರಿಯಾನ್ ಫೋನಿನಲ್ಲೇ ಸಿಡಿದಳು:
“ಅವಳು ಒಳ್ಳೆಯವಳಮ್ಮ, ಯಾರು ಇಲ್ಲವೆಂದರು?
ಅಂಗಡಿ ಮುಂದೆ ಜೋಡಿಸಿಟ್ಟ ಹಣ್ಣು ಅವಳು.
ಚೀಲಕ್ಕೆ ಬೀಳುವುದು ಹಿಂದಿನ ಕೊಳೆತದ್ದು.”
ಸುಳ್ಳಲ್ಲ. ಅವಳ ನಾಯಕನ ಬಾಯಿ ನಾನೂ ಕೇಳಿದ್ದೇನೆ,
ದೋಣಿಯಲ್ಲಿ ಬಂದವರನ್ನು ದೋಣಿಯಲ್ಲೇ ಅಟ್ಟಿ ಅನ್ನುವ ಬಾಯಿ.
ಆ ಮಾತಿಗೆ ಚಪ್ಪಾಳೆ ಬಿದ್ದ ಸಂಜೆ
ಇವಳು ವೇದಿಕೆಯ ಮೇಲಿದ್ದಳೇ?
ಕೇಳಬೇಕಿತ್ತು. ಕಾಫಿ ಕೊಟ್ಟೆ.

ನಮ್ಮವರೋ? ನಮ್ಮ ಸ್ಪಿರಿದ್ಯೋನ್
ಎರಡು ಫ್ಲ್ಯಾಟು ಇದ್ದವ ಹನ್ನೆರಡು ಮಾಡಿಕೊಂಡ.
ಸಲ್ವುವಿನ ಎದೆಯೊಳಗೆ ಕೂತ ಕಲ್ನಾರಿನ ಪರಿಹಾರದ ಕಡತ
ಅವನ ಮೇಜಿನ ಮೇಲೇ ಮುದಿಯಾಯಿತು.
ಸಲ್ವು ಕಾಯಲಿಲ್ಲ.

ಗೋಡೆಯ ಫೋಟೋದಲ್ಲಿ ಅವನಿಗೀಗ ನನ್ನ ಮಗಳ ವಯಸ್ಸು.
ಆ ಗಲಾಟೆಯ ವರ್ಷ ನೀಲಿಯವರ ಕ್ಲಬ್ಬಿನ ಕಿಟಕಿಗೆ
ಕುರ್ಚಿ ತೂರಿದ ಕೈ ಅದು.
ಗಾಜಿನ ಚೂರು ನಾನೇ ತೆಗೆದೆ, ಚಿಮುಟದಲ್ಲಿ, ಹೆಮ್ಮೆಯಿಂದ.
ಒಳಗೆ ಯಾರಾದರೂ ಕೂತಿದ್ದರೇ ಎಂದು
ಈವರೆಗೆ ಕೇಳಿಕೊಂಡಿರಲಿಲ್ಲ.

ಶನಿವಾರ. ಶಾಲೆಯ ಕೋಣೆ, ದಾರಕ್ಕೆ ಕಟ್ಟಿದ ಪೆನ್ಸಿಲು.
ಸ್ಪಿರಿದ್ಯೋನನನ್ನು ಮೂರಕ್ಕೆ ಇಳಿಸಿದೆ,
ಅಷ್ಟಕ್ಕೇ ಅಂಗೈ ಒದ್ದೆ.
ಕೆಳಗೆ ನೀಲಿ ಪಂಕ್ತಿ, ಖಾಲಿ ತಟ್ಟೆಗಳ ಸಾಲು.
4 ಎಂದು ಬರೆದರೆ ಅದು, ನೋಡಿ,
ತಲೆಕೆಳಗಾದ ಕುರ್ಚಿ.
ತೂರಿದ್ದೋ, ಕೂರಲು ಕೊಟ್ಟದ್ದೋ
ಅಂಕಿ ನೋಡಿ ಹೇಳಲಾಗದು.

ಹೊರಗೆ ನಮ್ಮ ಹುಡುಗರು:
“ಜುಜಾ ಅತ್ತೆ, ಎಲ್ಲ ನಮ್ಮವರಿಗೇ ತಾನೇ?”
ಬೆರಳಿನ ಕರಿ ಕರ್ಚೀಫಿಗೆ ಒರೆಸಿ
ಮೂರು ಮಹಡಿ ನಿಂತು ನಿಂತು ಹತ್ತಿದೆ.
ಕುರ್ಚಿಯ ಕಾಲಡಿ ಕಾಗದ ಹಾಗೇ ಇತ್ತು.
ತೆಗೆಯಲಿಲ್ಲ.